ಕೈ ಹಿಡಿದು ನಡೆಸುವ ವಿದ್ಯೆ

(ಬಮ್ಮಿಗಟ್ಟಿಯ ಸರಕಾರಿ ಪ್ರೌಢಶಾಲೆಯ ಸುವರ್ಣ ಮಹೋತ್ಸವದಲ್ಲಿ, ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ಈ ಶಾಲೆಯ ಬೆಂಚಿನ ಮೇಲೆ ಕುಳಿತು ಕಲಿತವಳು ನಾನು. ಇಂದು ಇದೇ ಅಂಗಳದಲ್ಲಿ ಮೈಕಿನ ಮುಂದೆ ನಿಂತಾಗ ಕಾಲು ಸಣ್ಣಗೆ ನಡುಗುತ್ತಿವೆ. ಬೇರೆಯವರ ನಡುಗುವ ಕಾಲನ್ನು ನಿಲ್ಲಿಸುವುದೇ ನನ್ನ ಉದ್ಯೋಗ. ಆದರೆ ಗುರುಗಳ ಎದುರು ಎಂಥ ಫಿಸಿಯೋಥೆರಪಿಸ್ಟ್ ಆದರೂ ವಿದ್ಯಾರ್ಥಿನಿಯೇ. ಸಂಘಟಕರು "ನಿನ್ನ ಓದಿನ ಬಗ್ಗೆ, ಅದರಿಂದ ನಮ್ಮ ಹುಡುಗರಿಗೆ ಏನು ಉಪಯೋಗ ಎಂಬುದರ ಬಗ್ಗೆ ನಾಲ್ಕು ಮಾತಾಡವ್ವಾ" ಎಂದಿದ್ದಾರೆ. ನಾಲ್ಕೇ ಮಾತಿನಲ್ಲಿ ಮುಗಿಸಲಾರೆ, ಕ್ಷಮಿಸಬೇಕು.

ನಾನು ಒಂಬತ್ತನೇ ತರಗತಿಯಲ್ಲಿದ್ದಾಗ ನಮ್ಮ ಅಜ್ಜನಿಗೆ ಲಕ್ವಾ ಹೊಡೆಯಿತು. ಮುಂಜಾನೆ ಎತ್ತಿಗೆ ಮೇವು ಹಾಕಲು ಎದ್ದವನು ಗೋದಲಿಯ ಹತ್ತಿರ ಕುಸಿದ. ಎಡಗೈ, ಎಡಗಾಲು ಎರಡೂ ಹೋದವು. ಮಾತು ಉಳಿದಿತ್ತು. ಹುಬ್ಬಳ್ಳಿಯ ದವಾಖಾನೆಯಲ್ಲಿ ಹತ್ತು ದಿನ ಇದ್ದು ಮನೆಗೆ ಬಂದ. ಬರುವಾಗ ಔಷಧಿಯ ಚೀಲ ಕೊಟ್ಟು, "ವ್ಯಾಯಾಮ ಮಾಡಿಸಿರಿ, ವಾರಕ್ಕೆ ಮೂರು ದಿನ ಕರೆತನ್ನಿರಿ" ಎಂದು ಹೇಳಿ ಕಳಿಸಿದ್ದರು.

ವಾರಕ್ಕೆ ಮೂರು ದಿನ! ಹೇಳುವುದು ಸುಲಭ. ಅಜ್ಜನನ್ನು ಒಯ್ಯಲು ಇಬ್ಬರು ಬೇಕು. ಇಬ್ಬರ ಅಂದಿನ ಕೂಲಿ ಹೋಯಿತು. ಬಸ್ಸಿನ ಮೆಟ್ಟಿಲು ಹತ್ತಿಸಲಾಗದು, ಗಾಡಿ ಬಾಡಿಗೆಗೆ ಹಿಡಿಯಬೇಕು. ಚಿಕಿತ್ಸೆಗೆ ದುಡ್ಡು ಹತ್ತುತ್ತಿರಲಿಲ್ಲ, ಚಿಕಿತ್ಸೆಯ ತನಕ ಹೋಗುವುದಕ್ಕೆ ಹತ್ತುತ್ತಿತ್ತು. ಮೊದಲ ವಾರ ಎರಡು ಸಲ ಹೋದೆವು. ಎರಡನೇ ವಾರ ಒಂದು ಸಲ. ಆಮೇಲೆ ಬತ್ತದ ಕಳೆ ತೆಗೆಯುವ ದಿನಗಳು ಬಂದವು. ನಿಂತೇ ಹೋಯಿತು.

ಮನೆಯಲ್ಲಿ ಅಜ್ಜನನ್ನು ಎಬ್ಬಿಸುವ, ಕೂರಿಸುವ ಕೆಲಸ ನನ್ನ ಪಾಲಿಗೆ ಬಂತು. ಶಾಲೆಗೆ ಬರುವ ಮೊದಲು ಒಮ್ಮೆ, ಹೋದ ಮೇಲೆ ಒಮ್ಮೆ. ಬಿದ್ದ ಕೈಗೇ ಆಸರೆ ಬೇಕೆಂದು ತಿಳಿದು, ಆ ಎಡಗೈಯನ್ನೇ ಹಿಡಿದು ಜಗ್ಗಿ ಎಬ್ಬಿಸುತ್ತಿದ್ದೆ. ಅಜ್ಜ "ಯವ್ವಾ, ಸಾವಕಾಶ, ಹೆಗಲು ಬ್ಯಾನಿ ಆಕ್ಕೈತಿ" ಅನ್ನುತ್ತಿದ್ದ. ನೋವಾದರೆ ಜೀವ ಬರುತ್ತಿದೆ ಎಂದು ಅರ್ಥ ಅಂತ ಓಣಿಯವರೊಬ್ಬರು ಹೇಳಿದ್ದರು. ನಾನು ಇನ್ನೂ ಜೋರಾಗಿ ಜಗ್ಗಿದೆ.

ಎರಡು ತಿಂಗಳ ಮೇಲೆ ಮತ್ತೆ ಹುಬ್ಬಳ್ಳಿಗೆ ಒಯ್ದಾಗ ಅಲ್ಲಿಯ ಫಿಸಿಯೋಥೆರಪಿಸ್ಟ್ ಅಜ್ಜನ ಹೆಗಲು ಮುಟ್ಟಿ ನೋಡಿದರು. ಹೆಗಲಿನ ಮೇಲುಭಾಗದಲ್ಲಿ ಬೆರಳು ಇಳಿಯುವಷ್ಟು ತಗ್ಗು ಬಿದ್ದಿತ್ತು. "ಇವರನ್ನು ದಿನಾ ಯಾರು ಎಬ್ಬಿಸುತ್ತೀರಿ?" ಎಂದು ಕೇಳಿದರು. "ನಾನs ರೀ ಸರ್" ಅಂದೆ. ಅವರು ಬೈಯಲಿಲ್ಲ. "ಬಾ ತಂಗಿ, ಇಲ್ಲಿ ನಿಂದರು" ಎಂದು ಕರೆದು ತೋರಿಸಿದರು.

ಅವರು ಹೇಳಿದ್ದನ್ನು ಇಂದು ನಿಮಗೂ ಹೇಳುತ್ತೇನೆ. ಇಲ್ಲಿ ಕುಳಿತ ಯಾವ ಮನೆಗಾದರೂ ಇದು ಬೇಕಾದೀತು. ಹೆಗಲಿನ ಕೀಲು ಬಟ್ಟಲಿನಲ್ಲಿಟ್ಟ ಚೆಂಡಿನಂತೆ. ಆ ಬಟ್ಟಲು ಬಹಳ ಆಳವಿಲ್ಲ. ಚೆಂಡನ್ನು ಅಲ್ಲಿ ಹಿಡಿದಿಡುವವು ಸುತ್ತಲಿನ ಸ್ನಾಯುಗಳು. ಲಕ್ವಾ ಹೊಡೆದಾಗ ಆ ಸ್ನಾಯುಗಳು ಸಡಿಲಾಗುತ್ತವೆ, ತೋಳಿನ ಭಾರಕ್ಕೇ ಚೆಂಡು ಕೆಳಗೆ ಸರಿಯುತ್ತದೆ. ಅಂಥ ಕೈಯನ್ನು ಹಿಡಿದು ಜಗ್ಗಿದರೆ ಕೀಲು ಇನ್ನಷ್ಟು ಜಾರುತ್ತದೆ, ನೋವು ಬರುತ್ತದೆ, ನೋವಿಗೆ ಹೆದರಿ ರೋಗಿ ಕೈ ಅಲುಗಾಡಿಸುವುದನ್ನೇ ಬಿಡುತ್ತಾನೆ. ಆದ್ದರಿಂದ ಬಿದ್ದ ಕೈಯನ್ನು ಎಂದೂ ಜಗ್ಗಬಾರದು. ಕುಳಿತಾಗ ಅದರ ಕೆಳಗೆ ದಿಂಬು ಇಡಬೇಕು. ಎಬ್ಬಿಸುವಾಗ ರೋಗಿಯ ಸೊಂಟಕ್ಕೆ ಟವೆಲ್ ಸುತ್ತಿ ಅದನ್ನು ಹಿಡಿಯಬೇಕು, ನಾವು ಬಿದ್ದ ಮಗ್ಗುಲಿಗೇ ನಿಲ್ಲಬೇಕು. ಪಾದಗಳನ್ನು ಹಿಂದಕ್ಕೆ ಎಳೆದುಕೊಂಡು, ಮೂಗು ಮೊಣಕಾಲು ದಾಟುವಷ್ಟು ಮುಂದಕ್ಕೆ ಬಾಗಿಸಿದರೆ ರೋಗಿ ತನ್ನ ಒಳ್ಳೆಯ ಕಾಲಿನ ಬಲದಿಂದ ತಾನೇ ಅರ್ಧ ಏಳುತ್ತಾನೆ.

ಹದಿನೈದು ನಿಮಿಷದ ಪಾಠ ಅದು. ಎರಡು ತಿಂಗಳು ಮುಂಚೆ ಯಾರಾದರೂ ನಮ್ಮ ಮನೆಗೆ ಬಂದು ಅಷ್ಟನ್ನು ತೋರಿಸಿದ್ದರೆ ಅಜ್ಜನ ಹೆಗಲು ಉಳಿಯುತ್ತಿತ್ತು. ಕಾಲು ಸುಧಾರಿಸಿತು, ಕೋಲು ಹಿಡಿದು ಕಟ್ಟೆಯ ತನಕ ನಡೆದ. ಆದರೆ ಆ ಎಡಗೈ ಕೊನೆಯವರೆಗೂ ನೋಯುತ್ತಲೇ ಇತ್ತು. ಅಜ್ಜ ಒಂದು ದಿನವೂ ನನ್ನನ್ನು ದೂರಲಿಲ್ಲ. ಅದಕ್ಕೇ ಆ ನೋವು ನನ್ನ ಹತ್ತಿರ ಉಳಿಯಿತು. ಆ ತಪ್ಪಿನ ಋಣ ತೀರಿಸಲೆಂದೇ ಈ ಓದಿಗೆ ಹೋದೆ ಎಂದರೂ ಸುಳ್ಳಲ್ಲ.

ಇನ್ನು ಈ ವಿದ್ಯೆಯ ಕಥೆಯನ್ನು ಸ್ವಲ್ಪ ಕೇಳಿರಿ. 1894ರಲ್ಲಿ ಇಂಗ್ಲೆಂಡಿನಲ್ಲಿ ನಾಲ್ವರು ನರ್ಸುಗಳು ಸೇರಿ, ಮಾಲೀಸು ಮಾಡುವ ಕೆಲಸಕ್ಕೆ ತರಬೇತಿ ಮತ್ತು ಗೌರವ ಇರಬೇಕೆಂದು ಸಂಘ ಕಟ್ಟಿದರು. ಮೊದಲ ಮಹಾಯುದ್ಧದಲ್ಲಿ ಗಾಯಗೊಂಡ ಸೈನಿಕರನ್ನು ಮತ್ತೆ ನಡೆಸಲು ಹೆಣ್ಣುಮಕ್ಕಳನ್ನು ತರಬೇತಿ ಕೊಟ್ಟು ನೇಮಿಸಿದರು. ಆಮೇಲೆ ಪೋಲಿಯೋ ಬಂತು. ನಮ್ಮ ದೇಶದಲ್ಲಿ ಈ ಓದು ಬೇರೂರಿದ್ದೇ ಪೋಲಿಯೋದಿಂದ. 1950ರ ದಶಕದ ಆರಂಭದಲ್ಲಿ ಮುಂಬಯಿಯಲ್ಲಿ ಪೋಲಿಯೋ ಹಬ್ಬಿದಾಗ ಅಲ್ಲಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ನೆರವಿನಿಂದ ಫಿಸಿಯೋಥೆರಪಿ ಶಾಲೆ ಶುರುವಾಯಿತು. 1955ರಲ್ಲಿ ಭಾರತೀಯ ಫಿಸಿಯೋಥೆರಪಿಸ್ಟರ ಸಂಘ ಸ್ಥಾಪನೆಯಾಯಿತು. ನಮ್ಮ ಓಣಿಗಳಲ್ಲಿ ಪೋಲಿಯೋದಿಂದ ಕಾಲು ಸಣ್ಣಗಾದ ಹಿರಿಯರನ್ನು ನೀವೆಲ್ಲ ಕಂಡಿದ್ದೀರಿ. ಆ ರೋಗ ಹೊಸದಾಗಿ ಬಂದ ಮಗು ಈ ಶಾಲೆಯ ಇಂದಿನ ತರಗತಿಗಳಲ್ಲಿ ಇಲ್ಲ. ದೇಶದಲ್ಲಿ ಸಹಜ ಪೋಲಿಯೋ ವೈರಾಣುವಿನ ಕೊನೆಯ ಪ್ರಕರಣ ಕಂಡದ್ದು 2011ರ ಜನವರಿಯಲ್ಲಿ. 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೋಮುಕ್ತ ಎಂದು ಘೋಷಣೆಯಾಯಿತು.

ಪೋಲಿಯೋ ಹೋಯಿತು, ನಮ್ಮ ಕೆಲಸ ಕಡಿಮೆಯಾಗಲಿಲ್ಲ. ಲಕ್ವಾ, ಬೈಕಿನಿಂದ ಬಿದ್ದ ಹುಡುಗರು, ಜಾರಿ ಸೊಂಟದ ಎಲುಬು ಮುರಿದ ಅಜ್ಜಿಯರು, ಹುಟ್ಟುವಾಗ ಮೆದುಳಿಗೆ ಪೆಟ್ಟಾಗಿ ಕುತ್ತಿಗೆ ನಿಲ್ಲದ ಮಕ್ಕಳು, ವರ್ಷಗಟ್ಟಲೆ ಬಗ್ಗಿ ನಾಟಿ ಮಾಡಿ, ಹತ್ತಿ ಬಿಡಿಸಿ, ತಲೆಯ ಮೇಲೆ ಹೊರೆ ಹೊತ್ತು ಮೊಣಕಾಲು ಸವೆದ ನಮ್ಮ ಅವ್ವಂದಿರು. ಇವರೆಲ್ಲರನ್ನೂ ಒಬ್ಬ ಫಿಸಿಯೋಥೆರಪಿಸ್ಟ್ ನೋಡಿ ಮುಗಿಸಲಾರ. ಅಮೆರಿಕಾದಲ್ಲಿ ಇದೇ ತೊಂದರೆ ಬಂದಾಗ 1967ರಲ್ಲಿ ಅಲ್ಲಿಯ ವೃತ್ತಿಸಂಘ 'ಫಿಸಿಕಲ್ ಥೆರಪಿಸ್ಟ್ ಅಸಿಸ್ಟೆಂಟ್' ಎಂಬ ಹುದ್ದೆಯ ಓದಿಗೆ ಒಪ್ಪಿಗೆ ಕೊಟ್ಟಿತು. 1969ರಲ್ಲಿ ಮೊದಲ ತಂಡ ಓದಿ ಹೊರಬಂತು. ಅಲ್ಲಿ ಎರಡು ವರ್ಷದ ಪದವಿ, ಅದರ ಮೇಲೆ ಪರವಾನಗಿ ಪರೀಕ್ಷೆ. ಥೆರಪಿಸ್ಟ್ ರೋಗಿಯನ್ನು ಪರೀಕ್ಷಿಸಿ ಯೋಜನೆ ಹಾಕುತ್ತಾರೆ. ಸಹಾಯಕರು ಆ ಯೋಜನೆಯಂತೆ ದಿನದಿನದ ಚಿಕಿತ್ಸೆ ನಡೆಸಿ, ಕಂಡದ್ದನ್ನು ಬರೆದು ವರದಿ ಮಾಡುತ್ತಾರೆ. ರೋಗ ಯಾವುದೆಂದು ನಿರ್ಧರಿಸುವುದು, ಯೋಜನೆ ಬದಲಿಸುವುದು ಅವರ ಕೆಲಸವಲ್ಲ.

ನಮ್ಮಲ್ಲಿ ಈ ಕೆಲಸವನ್ನು ಬೇರೆ ಬೇರೆ ಹೆಸರಿನವರು ಮಾಡುತ್ತಿದ್ದಾರೆ. ದೊಡ್ಡ ದವಾಖಾನೆಗಳ ಫಿಸಿಯೋಥೆರಪಿ ವಿಭಾಗದಲ್ಲಿ ಸಹಾಯಕರಿದ್ದಾರೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲೂಕು ಮಟ್ಟದಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಇವರಲ್ಲಿ ಬಹಳಷ್ಟು ಜನ ಸ್ವತಃ ಅಂಗವಿಕಲರು. ಪಿಂಚಣಿ, ಗುರುತಿನ ಚೀಟಿ, ಸಾಧನ ಸಲಕರಣೆ ಕೊಡಿಸಲು ಮನೆಮನೆಗೆ ಓಡಾಡುವವರು ಇವರೇ. 2021ರಲ್ಲಿ ಭಾರತೀಯ ಪುನರ್ವಸತಿ ಪರಿಷತ್ತು ಸಮುದಾಯ ಮಟ್ಟದ ಕಾರ್ಯಕರ್ತರಿಗಾಗಿ ಆರು ತಿಂಗಳ ಸರ್ಟಿಫಿಕೇಟ್ ಕೋರ್ಸ್ ಆರಂಭಿಸಿತು. ಅದನ್ನು ಮುಗಿಸಿದವರನ್ನು 'ದಿವ್ಯಾಂಗ ಮಿತ್ರ' ಎಂದು ಕರೆಯುತ್ತಾರೆ. ಊರಲ್ಲಿಯೇ ಇದ್ದು ಕೆಲಸ ಮಾಡಬೇಕೆನ್ನುವವರು ಇದನ್ನು ವಿಚಾರಿಸಿ ನೋಡಬಹುದು.

ಪೂರ್ಣ ಫಿಸಿಯೋಥೆರಪಿಸ್ಟ್ ಆಗಬೇಕಾದರೆ ಪಿಯುಸಿಯಲ್ಲಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿ ಬಿ.ಪಿ.ಟಿ. ಪದವಿಗೆ ಸೇರಬೇಕು. ನಾನು ಓದಿದಾಗ ನಾಲ್ಕು ವರ್ಷ ಓದು, ಆರು ತಿಂಗಳು ಇಂಟರ್ನ್‌ಶಿಪ್. ಹೊಸ ಪಠ್ಯಕ್ರಮದಲ್ಲಿ ಇಂಟರ್ನ್‌ಶಿಪ್ ಒಂದು ವರ್ಷ, ಒಟ್ಟು ಐದು ವರ್ಷ. ನಮಗೆ ಹತ್ತಿರದಲ್ಲಿ ಧಾರವಾಡದ ಸತ್ತೂರಿನ ಎಸ್.ಡಿ.ಎಂ. ಫಿಸಿಯೋಥೆರಪಿ ಕಾಲೇಜು ಇದೆ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ಕಾಲೇಜು ಇದೆ. ದೂರ ಹೋಗುವ ಧೈರ್ಯವಿದ್ದವರಿಗೆ ಕಟಕ್ ಹತ್ತಿರ, ಕೋಲ್ಕತ್ತಾದಲ್ಲಿ ಕೇಂದ್ರ ಸರಕಾರದ ರಾಷ್ಟ್ರೀಯ ಸಂಸ್ಥೆಗಳಿವೆ. ಪ್ರವೇಶದ ನಿಯಮಗಳು ಈಗ ವರ್ಷವರ್ಷಕ್ಕೆ ಬದಲಾಗುತ್ತಿವೆ. ಆಯಾ ವರ್ಷದ ಅಧಿಸೂಚನೆಯನ್ನು ಗುರುಗಳ ಜೊತೆ ಕುಳಿತು ಓದಿರಿ.

ಪಾಲಕರಿಗೆ ಕೈಮುಗಿದು ಒಂದು ಮಾತು ಹೇಳುತ್ತೇನೆ. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ 'ಪ್ಯಾರಾಮೆಡಿಕಲ್, ನೂರಕ್ಕೆ ನೂರು ನೌಕರಿ' ಎಂಬ ಚೀಟಿ ನೋಡಿ ದುಡ್ಡು ಕಟ್ಟಬೇಡಿರಿ. 2021ರಲ್ಲಿ ಸಂಸತ್ತು ಅಲೈಡ್ ಮತ್ತು ಹೆಲ್ತ್‌ಕೇರ್ ವೃತ್ತಿಗಳಿಗೆ ರಾಷ್ಟ್ರೀಯ ಆಯೋಗದ ಕಾಯ್ದೆ ಮಾಡಿದೆ. ಫಿಸಿಯೋಥೆರಪಿ ಅದರೊಳಗೆ ಬರುತ್ತದೆ. ಮುಂದೆ ವೃತ್ತಿ ಮಾಡಲು ನೋಂದಣಿ ಬೇಕು, ನೋಂದಣಿಗೆ ಮಾನ್ಯತೆಯ ಓದು ಬೇಕು. ಆದ್ದರಿಂದ ಕಾಲೇಜಿಗೆ ಹೋದಾಗ ಮೂರು ಪ್ರಶ್ನೆ ಕೇಳಿರಿ: ಯಾವ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಮಾನ್ಯತೆ ಇದೆ? ಕಾಗದ ತೋರಿಸುತ್ತೀರಾ? ಮಕ್ಕಳು ಕೈಯಾರೆ ಕಲಿಯುವ ದವಾಖಾನೆ ಯಾವುದು? ಮೂರನೆಯದಕ್ಕೆ ನೇರ ಉತ್ತರ ಬರದಿದ್ದರೆ ಎದ್ದು ಬನ್ನಿರಿ. ಈ ವಿದ್ಯೆ ಬರೀ ಪುಸ್ತಕದಿಂದ ಬರುವುದಿಲ್ಲ. ಈಜು ಕಲಿಯಲು ಕೆರೆಗೆ ಇಳಿಯಲೇಬೇಕಲ್ಲ, ಹಾಗೆ.

ವಿದ್ಯಾರ್ಥಿಗಳೇ, ಈ ಓದು ಕಠಿಣವೇ ಎಂದು ಕೇಳುತ್ತೀರಿ. ಅರ್ಧ ಪಾಠವನ್ನು ನೀವು ಇಲ್ಲಿಯೇ ಕಲಿಯುತ್ತಿದ್ದೀರಿ. ವಿಜ್ಞಾನದ ಮಾಸ್ತರರು ಹಾರೆಯಿಂದ ಕಲ್ಲು ಎಬ್ಬಿಸಿ ಸನ್ನೆಗೋಲು ಕಲಿಸಿದ್ದರು. ಆಧಾರ, ಭಾರ, ಬಲ. ನಿಮ್ಮ ಮೊಣಕೈಯೂ ಸನ್ನೆಗೋಲೇ. ಮೊಣಕೈ ಕೀಲು ಆಧಾರ, ಅಂಗೈಯಲ್ಲಿಯ ಕೊಡ ಭಾರ, ಎರಡರ ನಡುವೆ ತೋಳಿನ ಸ್ನಾಯು ಬಲ ಹಾಕುತ್ತದೆ. ಕಂಪಾಸ್ ಪೆಟ್ಟಿಗೆಯ ಕೋನಮಾಪಕ ನೆನಪಿಸಿಕೊಳ್ಳಿರಿ. ಅದಕ್ಕೆ ಎರಡು ಉದ್ದ ಪಟ್ಟಿ ಜೋಡಿಸಿದರೆ ಗೋನಿಯೋಮೀಟರ್ ಆಯಿತು. ಮೊಣಕಾಲು ಇಂದು 60 ಡಿಗ್ರಿ ಮಡಚಿತು, ಮುಂದಿನ ವಾರ 75 ಡಿಗ್ರಿ ಎಂದು ಅದರಿಂದ ಅಳೆಯುತ್ತೇವೆ. ಸ್ನಾಯುವಿನ ಶಕ್ತಿಗೆ 0ಯಿಂದ 5ರ ತನಕ ಅಂಕ ಕೊಡುತ್ತೇವೆ. ಏನೂ ಅಲುಗಾಡದಿದ್ದರೆ 0. ಭೂಮಿಯ ಸೆಳೆತಕ್ಕೆ ಎದುರಾಗಿ ಎತ್ತಿದರೆ 3. ನಾವು ಒತ್ತಿ ಹಿಡಿದರೂ ಬಗ್ಗದಿದ್ದರೆ 5. ಎರಡರಲ್ಲಿದ್ದ ರೋಗಿ ಮೂರಕ್ಕೆ ಬಂದ ದಿನ ನಮ್ಮ ವಿಭಾಗದಲ್ಲಿ ಪೇಢೆ ಹಂಚಿದ್ದೂ ಉಂಟು. ಧಾರವಾಡ ಜಿಲ್ಲೆಯವರಲ್ಲವೇ ನಾವು.

ಕೋಲು ಹಿಡಿಯುವುದರಲ್ಲೂ ಶಾಸ್ತ್ರವಿದೆ. ಬಲಗಾಲು ನೋಯುತ್ತಿದ್ದರೆ ಕೋಲು ಯಾವ ಕೈಯಲ್ಲಿರಬೇಕು? ಬಹಳ ಜನ ಬಲಗೈ ಅನ್ನುತ್ತಾರೆ. ಎಡಗೈಯಲ್ಲಿರಬೇಕು. ನಡೆಯುವಾಗ ಬಲಗಾಲಿನ ಮೇಲೆ ನಿಂತ ಕ್ಷಣ ಮೈಭಾರ ಎಡಕ್ಕೆ ವಾಲುತ್ತದೆ. ಅದನ್ನು ತಡೆಯಲು ಬಲ ಸೊಂಟದ ಸ್ನಾಯು ಬಿಗಿಯಾಗಿ ಜಗ್ಗಬೇಕು, ಆ ಒತ್ತಡ ಕೀಲಿನ ಮೇಲೆ ಬೀಳುತ್ತದೆ. ಎಡಗೈಯ ಕೋಲು ಆ ಭಾರ ಹೊತ್ತರೆ ಕೀಲಿಗೆ ವಿಶ್ರಾಂತಿ. ಗುಡಿಯ ಮೆಟ್ಟಿಲು ಹತ್ತುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಇವತ್ತು ಮನೆಗೆ ಹೋಗಿ ನಿಮ್ಮ ಅಜ್ಜ ಅಜ್ಜಿಗೆ ಇದಿಷ್ಟನ್ನು ಹೇಳಿದರೂ ನನ್ನ ಭಾಷಣ ಸಾರ್ಥಕ.

ಆದರೆ ಪರೀಕ್ಷೆಯಲ್ಲಿ ಅಂಕ ಬಂದರಷ್ಟೇ ಸಾಲದು. ತಾಳ್ಮೆ ಬೇಕು. ಒಂದೇ ಚಲನೆಯನ್ನು ದಿನಕ್ಕೆ ನೂರಾರು ಸಲ ಮಾಡಿಸಬೇಕಾಗುತ್ತದೆ. ಪೆಟ್ಟಾದ ಮೆದುಳಿನಲ್ಲಿ ಉಳಿದ ಭಾಗ ಹೊಸ ದಾರಿ ಮಾಡಿಕೊಳ್ಳುವುದು ಮತ್ತೆ ಮತ್ತೆ ಮಾಡಿದಾಗಲೇ. ಹೊಲದಲ್ಲಿ ಕಾಲುದಾರಿ ಬೀಳುವಂತೆ, ನಡೆದಷ್ಟೂ ದಾರಿ ಗಟ್ಟಿ. ಮಲಗಿದವರನ್ನು ಎರಡು ತಾಸಿಗೊಮ್ಮೆ ಮಗ್ಗುಲು ಬದಲಿಸದಿದ್ದರೆ ಬೆನ್ನಿಗೆ ಹುಣ್ಣಾಗುತ್ತದೆ, ಅದನ್ನು ನೋಡಿ ಹೇಸಿಕೆ ಪಡಬಾರದು. ನಾಚಿಕೆಯಿಂದ ಮೈ ಮುದುಡಿಕೊಂಡ ತಾಯಿಗೆ ಮೊದಲು ಸೆರಗು ಸರಿಪಡಿಸಿ, ಆಮೇಲೆ ಮಾತಾಡಿಸಿ, ಕೊನೆಗೆ ಮುಟ್ಟಬೇಕು. ತನಗೆ ಗೊತ್ತಿಲ್ಲದಾಗ "ಕೇಳಿ ಬಂದು ಹೇಳುತ್ತೇನೆ" ಎನ್ನುವ ಪ್ರಾಮಾಣಿಕತೆಯೂ ಬೇಕು. ಒಳ್ಳೆಯ ಸಹಾಯಕರ ದೊಡ್ಡ ಗುಣ ಇದೇ. ವ್ಯಾಯಾಮ ಮಾಡಿಸುವಾಗ ಎದೆನೋವು, ತಲೆಸುತ್ತು, ಉಸಿರುಗಟ್ಟುವುದು, ಮೀನಖಂಡದಲ್ಲಿ ಹೊಸದಾಗಿ ಊತ ಕಂಡರೆ ಅಲ್ಲಿಗೇ ನಿಲ್ಲಿಸಿ ವೈದ್ಯರಿಗೆ ತಿಳಿಸಬೇಕು. ಅರ್ಧ ಕಲಿತವನ ಧೈರ್ಯದಿಂದ ಆಗುವ ಹಾನಿ ಏನೆಂದು ನಮ್ಮ ಅಜ್ಜನ ಹೆಗಲು ಹೇಳಿದೆ.

ಹೆಣ್ಣುಮಕ್ಕಳ ಪಾಲಕರಲ್ಲಿ ವಿಶೇಷ ವಿನಂತಿ. "ಐದು ವರ್ಷ ಓದಿಸಿದರೆ ಮದುವೆ ಯಾವಾಗ?" ಎಂದು ನಮ್ಮ ಮನೆಯಲ್ಲೂ ಕೇಳಿದರು. ಆಗ ನನ್ನ ಪರವಾಗಿ ಮಾತಾಡಿದವನು ಕಟ್ಟೆಯ ಮೇಲೆ ಕುಳಿತ ಅಜ್ಜ. "ಆಕಿ ನನಗ ನಡೀಲಿಕ್ಕೆ ಕಲಿಸ್ಯಾಳ, ಆಕಿ ಎಲ್ಲಿ ತನಕ ನಡೀತಾಳೋ ನಡೀಲಿ" ಅಂದ. ಮನೆಯಲ್ಲಿ ಮತ್ತೆ ಯಾರೂ ಎದುರಾಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಸೊಂಟನೋವು, ಹೆರಿಗೆಯ ನಂತರದ ತೊಂದರೆ ಇರುವ ಹೆಣ್ಣುಮಕ್ಕಳು ಗಂಡಸರ ಮುಂದೆ ಹೇಳಿಕೊಳ್ಳದೇ ನುಂಗಿಕೊಳ್ಳುತ್ತಾರೆ. ಅವರಿಗೆ ನಿಮ್ಮ ಮಗಳು ಬೇಕು.

ಊರಿನ ಹಿರಿಯರಲ್ಲಿ ಮೂರು ಬೇಡಿಕೆ ಇಟ್ಟು ಮುಗಿಸುತ್ತೇನೆ.

ಮೊದಲನೆಯದು, ಲಕ್ವಾದ ಗುರುತನ್ನು ಎಲ್ಲರೂ ತಿಳಿಯಿರಿ. ಬಾಯಿ ಒಂದು ಕಡೆ ಸೊಟ್ಟಗಾದರೆ, ಎರಡೂ ಕೈ ಎತ್ತಿದಾಗ ಒಂದು ಕೆಳಗೆ ಬಿದ್ದರೆ, ಮಾತು ತೊದಲಿದರೆ, ಆ ಹೊತ್ತನ್ನು ನೆನಪಿಟ್ಟು ಕೂಡಲೇ 108ಕ್ಕೆ ಫೋನ್ ಮಾಡಿರಿ. ರಕ್ತ ಹೆಪ್ಪುಗಟ್ಟಿ ಆದ ಲಕ್ವಾಗೆ ಹೆಪ್ಪು ಕರಗಿಸುವ ಇಂಜೆಕ್ಷನ್ ಕೊಡುವ ಕಾಲ ಸಾಮಾನ್ಯವಾಗಿ ನಾಲ್ಕೂವರೆ ತಾಸಿನ ಒಳಗೆ. ಎಣ್ಣೆ ತಿಕ್ಕುತ್ತ, ಮಂತ್ರಿಸುತ್ತ ಕುಳಿತರೆ ಆ ಕಾಲ ಮನೆಯಲ್ಲಿಯೇ ಕಳೆದುಹೋಗುತ್ತದೆ.

ಎರಡನೆಯದು, ಕುತ್ತಿಗೆ ನಿಲ್ಲದ, ತಡವಾಗಿ ಕೂರುವ ಮಗುವನ್ನು "ದೊಡ್ಡದಾದರೆ ಸರಿಯಾಗುತ್ತೆ" ಎಂದು ಮುಚ್ಚಿಡಬೇಡಿರಿ. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಹುಟ್ಟಿನಿಂದ 18 ವರ್ಷದ ತನಕದ ಮಕ್ಕಳ ತಪಾಸಣೆ ನಡೆಯುತ್ತಿದೆ, ವೈದ್ಯರ ತಂಡ ಅಂಗನವಾಡಿಗೆ, ಶಾಲೆಗೆ ಬರುತ್ತದೆ. ಆ ದಿನ ಮಗುವನ್ನು ಕರೆತನ್ನಿರಿ. ಕಲಘಟಗಿಯ ಬಣ್ಣದ ತೊಟ್ಟಿಲು ದೇಶಕ್ಕೆಲ್ಲ ಹೆಸರುವಾಸಿ. ಆ ತೊಟ್ಟಿಲಿನಲ್ಲಿ ಮಲಗಿದ ಮಗು ತಿಂಗಳಿಗೆ ತಕ್ಕಂತೆ ಹೊರಳುತ್ತದೆಯೇ, ಕೈ ಚಾಚುತ್ತದೆಯೇ ಎಂದು ನೋಡುವ ಕಣ್ಣೂ ನಮಗಿರಲಿ.

ಮೂರನೆಯದು, ಈ ಸುವರ್ಣ ಮಹೋತ್ಸವದ ನೆನಪಿಗೆ ಹಳೆಯ ವಿದ್ಯಾರ್ಥಿಗಳಾದ ನಾವು ಒಂದು ಕೆಲಸ ಹಿಡಿಯೋಣ. ಶಾಲೆಯ ಒಂದು ಕೋಣೆಯಲ್ಲಿ ತಿಂಗಳಿಗೆ ಎರಡು ಭಾನುವಾರ ನಾನು ಬಂದು ಕುಳಿತುಕೊಳ್ಳುತ್ತೇನೆ. ನಡೆಯುವ ಅಭ್ಯಾಸಕ್ಕೆ ಎರಡು ಸಮಾನಾಂತರ ಪೈಪು, ಒಂದು ಗಟ್ಟಿ ಮಂಚ, ಒಂದು ಕನ್ನಡಿ, ಬಾಗಿಲಿಗೆ ಗಾಲಿಕುರ್ಚಿ ಏರುವ ಇಳಿಜಾರು ಇದ್ದರೆ ಸಾಕು. ನಾನು ಯೋಜನೆ ಬರೆದುಕೊಡುತ್ತೇನೆ. ಉಳಿದ ದಿನ ಅದನ್ನು ಮನೆಯಲ್ಲಿ ಮಾಡಿಸಲು ಪಿಯುಸಿ ಮುಗಿಸಿದ ಇಬ್ಬರು ಹುಡುಗ ಹುಡುಗಿಯರು ನನ್ನ ಕೈಕೆಳಗೆ ಕಲಿಯಲು ಬರಲಿ. ಅದು ಪದವಿಯಾಗುವುದಿಲ್ಲ, ಸರ್ಟಿಫಿಕೇಟೂ ಸಿಗುವುದಿಲ್ಲ. ಮನಸ್ಸು ನಿಂತರೆ ಮಾನ್ಯತೆಯ ಕೋರ್ಸಿಗೆ ಅವರನ್ನು ನಾವೇ ಸೇರಿಸೋಣ, ಫೀ ಕಟ್ಟಲಾಗದವರಿಗೆ ನಾವೆಲ್ಲ ಕೂಡಿ ಕಟ್ಟೋಣ. ನನ್ನ ಪಾಲಿನ ಮೊದಲ ಕಂತನ್ನು ಇಂದು ಮುಖ್ಯೋಪಾಧ್ಯಾಯರ ಕೈಗೆ ಕೊಟ್ಟಿದ್ದೇನೆ.

ಅಜ್ಜ ಈಗ ಇಲ್ಲ. ಆತನ ಕೋಲು ನಮ್ಮ ಮನೆಯ ಬಾಗಿಲ ಹಿಂದೆ ಇನ್ನೂ ಇದೆ. ನಮ್ಮೂರಿನ ಇನ್ನೊಬ್ಬ ಒಂಬತ್ತನೇ ತರಗತಿಯ ಹುಡುಗಿ ತನ್ನ ಅಜ್ಜನ ಬಿದ್ದ ಕೈಯನ್ನು ಗೊತ್ತಿಲ್ಲದೇ ಜಗ್ಗಬಾರದು. ಅಷ್ಟಕ್ಕಾಗಿ ಇಷ್ಟು ಮಾತಾಡಿದೆ.